ಪ್ಲಾಸ್ಮಾ ಕೊಟ್ಟ ಸಿಲಿಕೋನ್ ಲೇಪನಕ್ಕೆ ವಾರದ ನಂತರ ಜೀವಕೋಶಗಳು ಏಕೆ ಅಂಟುತ್ತಿಲ್ಲ?

ಆಮ್ಲಜನಕದ ಪ್ಲಾಸ್ಮಾ (ರಕ್ತದ್ದಲ್ಲ, ವಿದ್ಯುತ್ತಿನಿಂದ ಆವೇಶಗೊಂಡ ಅನಿಲ) ಕೊಟ್ಟ ದಿನ ನೀರಿನ ಹನಿ ಚೆನ್ನಾಗಿ ಹರಡಿತ್ತು, ವಾರ ಕಳೆದು ಜೀವಕೋಶ ಹಾಕಿದರೆ ಒಂದೂ ನಿಲ್ಲಲಿಲ್ಲ, ಯಂತ್ರದಲ್ಲಿ ದೋಷವಿರಬಹುದೇ ಎಂದು ಕೇಳಿದ್ದೀರಿ. ಇಂಥ ಲೇಪನಗಳ ಮೇಲೆಯೇ ಕೆಲಸ ಮಾಡುವವನಾಗಿ ಹೇಳುತ್ತೇನೆ: ಯಂತ್ರಕ್ಕಿಂತ ಮೊದಲು ಆ ಒಂದು ವಾರವನ್ನು ಅನುಮಾನಿಸಿ.

ಪ್ಲಾಸ್ಮಾ ಬದಲಿಸುವುದು ಮೇಲ್ಮೈಯ ಕೆಲವೇ ನ್ಯಾನೊಮೀಟರ್ ಪದರವನ್ನು. ಅಲ್ಲಿನ ನೀರನ್ನು ಒಲ್ಲದ ಮೀಥೈಲ್ ಗುಂಪುಗಳು ಕಿತ್ತುಹೋಗಿ ನೀರನ್ನು ಸೆಳೆಯುವ ಹೈಡ್ರಾಕ್ಸಿಲ್ ಗುಂಪುಗಳು ಬಂದು ಕೂರುತ್ತವೆ. 110 ಡಿಗ್ರಿಯ ಆಸುಪಾಸಿನಲ್ಲಿದ್ದ ಸಂಪರ್ಕ ಕೋನ (ನೀರಿನ ಹನಿಯ ಅಂಚು ಮೇಲ್ಮೈಯೊಡನೆ ಮಾಡುವ ಕೋನ) ಅಳೆಯಲಾಗದಷ್ಟು ಇಳಿಯುತ್ತದೆ. ಆದರೆ ಸಿಲಿಕೋನ್‌ನ ಸರಪಳಿಗಳು ಕೋಣೆಯ ಉಷ್ಣತೆಯಲ್ಲೂ ಹೊರಳಾಡುತ್ತಲೇ ಇರುತ್ತವೆ. ಜಾಲಕ್ಕೆ ಬೆಸೆಯದೆ ಉಳಿದ ಚಿಕ್ಕ ಅಣುಗಳು ಒಳಗಿನಿಂದ ಮೇಲೇರಿ, ತಣ್ಣಗಾದ ಹಾಲಿಗೆ ಕೆನೆ ಕಟ್ಟಿದಂತೆ ಮೇಲ್ಮೈಯನ್ನು ಮುಚ್ಚುತ್ತವೆ, ಅದು ಮತ್ತೆ ನೀರನ್ನು ಒಲ್ಲದಂತಾಗುತ್ತದೆ. ಗಾಳಿಯಲ್ಲಿ ಇಟ್ಟರೆ ಕೆಲವೇ ಗಂಟೆಗಳಲ್ಲಿ ಇದು ಶುರುವಾಗುತ್ತದೆ. ಹಾಗೆಂದು ಪ್ಲಾಸ್ಮಾದ ಸಮಯವನ್ನು ವಿಪರೀತ ಹೆಚ್ಚಿಸಬೇಡಿ: ಗಾಜಿನಂತಾದ ಮೇಲ್ಪದರ ಬಿರುಕು ಬಿಟ್ಟರೆ ಆ ಅಣುಗಳಿಗೆ ದಾರಿ ಇನ್ನೂ ಸಲೀಸು. ಜೀವಕೋಶ ಬೆಳೆಸುವ ಪಾಲಿಸ್ಟೈರೀನ್ ತಟ್ಟೆಗಳೂ ಇಂಥದೇ ಉಪಚಾರ ಪಡೆದು ಬರುತ್ತವೆ. ಅವು ತಿಂಗಳುಗಟ್ಟಲೆ ಕೆಡದಿರಲು ಮುಖ್ಯ ಕಾರಣ, ಪಾಲಿಸ್ಟೈರೀನ್ ಸರಪಳಿಗಳು ಕೋಣೆಯ ಉಷ್ಣತೆಯಲ್ಲಿ ಬಿಗಿದುಕೊಂಡಿರುವುದು.

ಜೀವಕೋಶ ಮೊದಲು ಹಿಡಿಯುವುದು ಲೇಪನವನ್ನಲ್ಲ, ಕೋಶಗಳ ಪೋಷಕ ದ್ರವದಲ್ಲಿನ ಸೀರಮ್‌ನಿಂದ ಬಂದು ಕೂತ ಫೈಬ್ರೊನೆಕ್ಟಿನ್, ವಿಟ್ರೊನೆಕ್ಟಿನ್ ಎಂಬ ಅಂಟು ಪ್ರೋಟೀನುಗಳನ್ನು. ನೀರನ್ನು ಒಲ್ಲದ ಮೇಲ್ಮೈಯಲ್ಲಿ ಈ ಪ್ರೋಟೀನುಗಳ ಆಕಾರ ಕೆಡುತ್ತದೆ, ಜಾಗವನ್ನು ಕೋಶ ಹಿಡಿಯಲಾಗದ ಅಲ್ಬುಮಿನ್ ಎಂಬ ಪ್ರೋಟೀನ್ ಆಕ್ರಮಿಸುತ್ತದೆ. ಹಿಡಿಯಲು ಕೋಶಕ್ಕೆ ಏನೂ ಸಿಗುವುದಿಲ್ಲ.

ಪ್ಲಾಸ್ಮಾಕ್ಕೆ ಮೊದಲು ಲೇಪನವನ್ನು ದ್ರಾವಕದಲ್ಲಿ ನೆನೆಸಿ ಆ ಚಿಕ್ಕ ಅಣುಗಳನ್ನು ತೆಗೆಯಿರಿ, ಪೂರ್ತಿ ಒಣಗಿಸಿ. ಹೆಕ್ಸೇನ್ ಬಳಸಿದರೆ ಸಿಲಿಕೋನ್ ಊದಿಕೊಳ್ಳುತ್ತದೆ, ಲೋಹದ ಮೇಲಿನ ತೆಳು ಲೇಪನ ಎದ್ದುಬರಬಹುದು. ಬೇಡದ ಒಂದು ತುಂಡಿನಲ್ಲಿ ನೋಡಿಕೊಳ್ಳಿ. ಪ್ಲಾಸ್ಮಾ ಮುಗಿದ ಕೂಡಲೇ ಕೋಶ ಹಾಕಿ, ಆಗದಿದ್ದರೆ ಶುದ್ಧೀಕರಿಸಿದ ನೀರಿನಲ್ಲಿ ಮುಳುಗಿಸಿಡಿ. ಬಹುಕಾಲ ಉಳಿಯಬೇಕಾದರೆ ತಾಜಾ ಮೇಲ್ಮೈಗೆ ಅಮೈನೊಸಿಲೇನ್ ಎಂಬ ಕೊಂಡಿ ಅಣುವನ್ನು ಬೆಸೆದು, ಅದರ ಮೇಲೆ ಕೋಶಗಳು ಹಿಡಿಯಬಲ್ಲ ಕೊಲಾಜೆನ್ ಪ್ರೋಟೀನ್ ಕಟ್ಟುವುದು ನನ್ನ ಆಯ್ಕೆ.

ಈ ಲೇಪನ ದೇಹದಲ್ಲಿ ಎಲ್ಲಿಗೆ ಹೋಗುತ್ತದೆ ಎಂದು ನೀವು ಬರೆದಿಲ್ಲ. ಮೂಳೆಗಾದರೆ ಕೋಶ ಅಂಟಬೇಕು. ರಕ್ತನಾಳದೊಳಗೆ ಪ್ಲೇಟ್‌ಲೆಟ್‌ಗಳು ಅಂಟಿದರೆ ಹೆಪ್ಪುಗಟ್ಟುವ ಅಪಾಯ. ಪ್ಲಾಸ್ಮಾ ಪಡೆದ ಸಿಲಿಕೋನ್ ಹೈಡ್ರೊಜೆಲ್ ಕಾಂಟ್ಯಾಕ್ಟ್ ಲೆನ್ಸ್‌ನಲ್ಲಿ ಬೇಕಾದದ್ದು ಕಣ್ಣೀರು ಹರಡುವುದು ಮಾತ್ರ. ನಿಮ್ಮ ಲೇಪನ ಎಲ್ಲಿಗೆ ಎಂದು ತಿಳಿಸಿದರೆ ಯಾವ ಅನಿಲ, ಎಷ್ಟು ಹೊತ್ತು ಎಂದು ಹೇಳಬಲ್ಲೆ.