ಮೂರು ನಿಮಿಷದ ಚೆಸ್, ರಾತ್ರಿ ಒಂದೂವರೆವರೆಗೆ

(ಹೆಸರು, ಕೆಲಸ, ಮನೆಯ ವಿವರ ಎಲ್ಲ ಬದಲಿಸಿದ್ದೇನೆ. ಅವರ ಒಪ್ಪಿಗೆ ಪಡೆದೇ ಬರೆದಿದ್ದೇನೆ.)

ಸತೀಶ್‌ಗೆ 41 ವರ್ಷ. ಹಾಸನದ ಒಂದು ಖಾಸಗಿ ಕಚೇರಿಯಲ್ಲಿ ಲೆಕ್ಕಪತ್ರ ನೋಡಿಕೊಳ್ಳುತ್ತಾರೆ. ಮನೆ ಸಾಲಗಾಮೆ ರಸ್ತೆ ಕಡೆ. ಅವರನ್ನು ಆಪ್ತಸಲಹೆಗೆಂದು ನನ್ನ ಹತ್ತಿರ ಕರೆತಂದಿದ್ದು ಹೆಂಡತಿ. ಹಾಸನಾಂಬ ದರ್ಶನದ ಸಮಯ, ಮನೆ ತುಂಬಾ ನೆಂಟರು. ಎಲೆ ಹಾಕಿ ಊಟಕ್ಕೆ ಕರೆದರೆ ಯಜಮಾನರೇ ನಾಪತ್ತೆ. ಹುಡುಕಿದರೆ ಟೆರೇಸ್ ಮೇಲೆ ನೀರಿನ ಟ್ಯಾಂಕ್ ಪಕ್ಕ ಕೂತು ಮೊಬೈಲಲ್ಲಿ ಚೆಸ್ ಆಡುತ್ತಿದ್ದರಂತೆ. "ಕುಡಿಯಲ್ಲ, ಇಸ್ಪೀಟಾಡಲ್ಲ. ಅದಕ್ಕೇ ಇದನ್ನ ಯಾರೂ ತಪ್ಪು ಅನ್ನಲ್ಲ ಮೇಡಂ" ಅಂದರು ಆಕೆ. ಬುದ್ಧಿವಂತರ ಆಟ ಅಂತ ಚೆಸ್‌ಗೆ ಒಂದು ಮರ್ಯಾದೆ ಇದೆ ಅಲ್ವಾ, ಇಂಥ ಕಡೆ ಅದೇ ಅಡ್ಡ ಬರುತ್ತದೆ.

ಸತೀಶ್ ಹೇಳಿದ್ದೇ ಬೇರೆ. "ಬಿಡಿಸ್ಕೊಳ್ಳೋಕೆ ಬಂದಿಲ್ಲ ನಾನು. ಎರಡು ವರ್ಷದಿಂದ ರೇಟಿಂಗ್ ಇದ್ದಲ್ಲೇ ಇದೆ. ತಲೆ ಕೆಡ್ತಿದೆ." ರೇಟಿಂಗ್ ಅಂದರೆ ಆಟಗಾರನ ಬಲ ತೋರಿಸುವ ಅಂಕ, ಗೆದ್ದರೆ ಏರುತ್ತದೆ, ಸೋತರೆ ಇಳಿಯುತ್ತದೆ.

ದುಡ್ಡು ಕಟ್ಟಿ ಆಡುತ್ತಿಲ್ಲ, ಖಿನ್ನತೆಯ ಲಕ್ಷಣವೂ ಕಾಣಲಿಲ್ಲ. ತೊಂದರೆ ಇದ್ದದ್ದು ನಿದ್ದೆಗೆ. ರಾತ್ರಿ ಒಂದೂವರೆವರೆಗೆ ಆಟ, ಬೆಳಗ್ಗೆ ಕಚೇರಿಯಲ್ಲಿ ತೂಕಡಿಕೆ. ಆದರೂ 'ಆಟ ಬಿಡಿ' ಎನ್ನಲಿಲ್ಲ. ಅವರು ಕೇಳಿದ್ದು ಚೆನ್ನಾಗಿ ಆಡೋದು ಹೇಗೆ ಅಂತ. ಅಲ್ಲಿಂದಲೇ ಹೊರಟೆವು.

ನನ್ನೆದುರಿಗೇ ಒಂದು ಆಟ ಆಡಿ ಅಂದೆ. ಇಡೀ ಆಟಕ್ಕೆ ಇಬ್ಬರಿಗೂ ಮೂರು ಮೂರು ನಿಮಿಷ ಮಾತ್ರ. ನನಗೆ ಕಾಯಿ ನಡೆಸೋದು ಗೊತ್ತು, ಅಷ್ಟೇ. ಹಾಗಾಗಿ ಬೋರ್ಡಿಗಿಂತ ಜಾಸ್ತಿ ಅವರನ್ನೇ ನೋಡುತ್ತಿದ್ದೆ. ಎದುರಾಳಿಯ ಕಾಯಿ ಮನೆ ಸೇರುವಷ್ಟರಲ್ಲಿ ಇವರ ಹೆಬ್ಬೆರಳು ಹೊರಟಿರುತ್ತಿತ್ತು. ಆಟದ ಮಧ್ಯೆ ಎದುರಾಳಿಯ ಕುದುರೆ ಹಾರಿ ಬಂದು ರಾಜನಿಗೆ ಚೆಕ್ ಕೊಟ್ಟಿತು, ಜೊತೆಗೆ ಮಂತ್ರಿಯ ಮೇಲೂ ಕಣ್ಣಿಟ್ಟಿತು. ಮಂತ್ರಿ ಹೋಯಿತು. ಸತೀಶ್ ದವಡೆ ಬಿಗಿಯಾಯಿತು, ಆಟ ಇನ್ನೂ ಜೋರಾಯಿತು. ಸ್ವಲ್ಪ ಹೊತ್ತಿಗೆ ಚೆಕ್‌ಮೇಟ್. ನಾನು ಬಾಯಿ ತೆರೆಯುವ ಮೊದಲೇ ಬೆರಳು ಹೊಸ ಆಟದ ಬಟನ್ ಒತ್ತಿಯಾಗಿತ್ತು. ಅದನ್ನು ರದ್ದು ಮಾಡಿಸಿ, ಯಾಕೆ ಸೋತಿರಿ ಅಂತ ಕೇಳಿದೆ.

"ಟೈಮ್ ಸಾಲಲಿಲ್ಲ."

ಮುಗಿದ ಆಟ ತೆಗೆದು ತೋರಿಸಲು ಹೇಳಿದೆ. ಅವರ ಗಡಿಯಾರದಲ್ಲಿ ಇನ್ನೂ ಒಂದೂವರೆ ನಿಮಿಷ ಉಳಿದಿತ್ತು. ಅದನ್ನು ನೋಡಿ ಅವರೇ ಸುಮ್ಮನಾದರು.

ಆಮೇಲೆ ಅವರಿಗೆ ಒಂದು ಲೆಕ್ಕ ಹೇಳಿದೆ, ಲೆಕ್ಕದವರು ತಾನೇ. ಚೆಸ್ ರೇಟಿಂಗ್ ಪದ್ಧತಿಯನ್ನು ಕಟ್ಟಿದ್ದು ಅರ್ಪಾಡ್ ಎಲೋ ಎಂಬ ಭೌತಶಾಸ್ತ್ರದ ಪ್ರಾಧ್ಯಾಪಕ. ವಿಶ್ವ ಚೆಸ್ ಸಂಸ್ಥೆ ಫಿಡೆ ಅದನ್ನು 1970ರಲ್ಲಿ ಒಪ್ಪಿಕೊಂಡಿತು. ಈಗಿನ ಆನ್‌ಲೈನ್ ರೇಟಿಂಗ್‌ಗಳ ಲೆಕ್ಕಾಚಾರ ಸ್ವಲ್ಪ ಬೇರೆ, ಆದರೆ ಮೂಲ ಅದೇ. ನಿಮ್ಮಷ್ಟೇ ಬಲ ಇರುವವರನ್ನು ಹುಡುಕಿ ಎದುರು ಕೂರಿಸುತ್ತಾರೆ. ಅಂದರೆ ಹೆಚ್ಚುಕಡಿಮೆ ಅರ್ಧ ಆಟ ಸೋಲುವುದು ನಿಮ್ಮ ಹಣೆಬರಹವಲ್ಲ, ವ್ಯವಸ್ಥೆಯೇ ಹಾಗಿದೆ. ನೀವು ಸುಧಾರಿಸಿದರೆ ಎದುರಾಳಿಯೂ ಬಲವಾಗುತ್ತಾನೆ, ಮತ್ತೆ ಅರ್ಧ ಸೋಲು. 'ಒಂದು ಗೆದ್ದು ಮಲಗ್ತೀನಿ' ಅಂತ ಕೂತರೆ ಆ ಗೆಲುವು ಯಾವಾಗ ಬರುತ್ತೆ ಅಂತ ಹೇಳೋಕಾಗಲ್ಲ. ಬಂದರೂ ಹಿಂದಿನ ನಾಲ್ಕು ಸೋಲಿನ ಅಂಕ ವಾಪಸ್ ಬಂದಿರಲ್ಲ. ಅದಕ್ಕೇ ಮತ್ತೊಂದು. ಹೆಂಡತಿಗೆ ಹಟದಂತೆ ಕಂಡದ್ದು ಇದೇ.

ಇನ್ನೊಂದು ವಿಷಯ ಅವರಿಗೆ ಜಾಸ್ತಿ ನಾಟಿತು. 1973ರಲ್ಲಿ ವಿಲಿಯಂ ಚೇಸ್ ಮತ್ತು ಹರ್ಬರ್ಟ್ ಸೈಮನ್ ಎಂಬ ಸಂಶೋಧಕರು ಒಂದು ಪ್ರಯೋಗ ಪ್ರಕಟಿಸಿದರು. ನಿಜವಾದ ಆಟದ ಬೋರ್ಡನ್ನು ಐದು ಸೆಕೆಂಡ್ ತೋರಿಸಿ, ಕಾಯಿಗಳನ್ನು ಮತ್ತೆ ಜೋಡಿಸಿ ಅಂದರೆ ಪರಿಣತ ಆಟಗಾರ ಹೊಸಬರಿಗಿಂತ ಎಷ್ಟೋ ಚೆನ್ನಾಗಿ ಜೋಡಿಸುತ್ತಾನೆ. ಅದೇ ಕಾಯಿಗಳನ್ನು ಅಡ್ಡಾದಿಡ್ಡಿ ಇಟ್ಟರೆ ಅವನ ಮೇಲುಗೈ ಮಾಯ. ಪರಿಣತನ ನೆನಪೇನೂ ದೊಡ್ಡದಲ್ಲ. ಅವನ ಕಣ್ಣಿಗೆ ಪರಿಚಿತ ಜೋಡಣೆಗಳು ಬೀಳುತ್ತವೆ. ಆ ಪರಿಚಯ ಆಗುವುದು ನಿಧಾನವಾಗಿ ನೋಡಿದಾಗ. ಖಾಲಿ ರಸ್ತೆಯಲ್ಲಿ ನಿಧಾನಕ್ಕೆ ಗೇರ್ ಕಲಿತವರೇ ಮುಂದೆ ಶಿರಾಡಿ ಘಾಟಿಯಲ್ಲಿ ಯೋಚಿಸದೆ ಗೇರ್ ಬದಲಿಸುವುದು.

ಕೊಟ್ಟ ಸಲಹೆ ಹೀಗಿತ್ತು. ಒಂದು ತಿಂಗಳು ಮೂರು ನಿಮಿಷದ ಆಟ ಪೂರ್ತಿ ಬಂದ್. ಸಂಜೆ ಕಾಫಿ ಆದ ಮೇಲೆ, ಹಾಸಿಗೆಯಲ್ಲಲ್ಲ, ಮೇಜಿನ ಮುಂದೆ ಕೂತು ಹದಿನೈದು ನಿಮಿಷದ ಆಟ, ಒಂದೇ ಒಂದು. ಅದಕ್ಕೂ ಮೊದಲು ಸ್ವಲ್ಪ ಹೊತ್ತು ಗಡಿಯಾರ ಇಲ್ಲದೆ ಪಜಲ್. ಎಲ್ಲ ಬಗೆಯದೂ ಬೇಡ, ಆ ಕುದುರೆಯಂತೆ ಒಂದೇ ಕಾಯಿ ಒಟ್ಟಿಗೇ ಎರಡು ಕಾಯಿಗೆ ಬೀಳುವಂಥದ್ದು ಮಾತ್ರ. ಲಿಚೆಸ್ ಎಂಬ ಚೆಸ್ ಜಾಲತಾಣದಲ್ಲಿ ಹೀಗೆ ವಿಷಯ ಆರಿಸಿಕೊಂಡು ಬಿಡಿಸಬಹುದು, ದುಡ್ಡೂ ಬೇಡ. ತಪ್ಪಿದ್ದನ್ನು ಮರುದಿನ ಮತ್ತೆ. ಸೋತ ಆಟವನ್ನು ಕಂಪ್ಯೂಟರ್ ವಿಶ್ಲೇಷಣೆಗೆ ಕೊಡುವ ಮುಂಚೆ, ಎಲ್ಲಿ ಕೆಟ್ಟಿತು ಅಂತ ತಾವೇ ಊಹಿಸಿ ಒಂದು ಸಾಲು ಬರೆಯಬೇಕು. ಹತ್ತು ಗಂಟೆಗೆ ಮೊಬೈಲ್ ಹಾಲ್‌ನಲ್ಲಿ ಚಾರ್ಜಿಗೆ. ಈ ಕೊನೆಯದಕ್ಕೆ ಮಾತ್ರ ಹೆಂಡತಿಯ ಸಹಾಯ ಕೇಳಿದೆವು. ಮಿಕ್ಕಿದ್ದರಲ್ಲಿ ಆಕೆ ಪೊಲೀಸ್ ಆಗಬಾರದು ಅಂತ ಇಬ್ಬರಿಗೂ ಹೇಳಿದೆ.

ಮೊದಲ ವಾರ ಸಿಡಿಮಿಡಿ. ಬಾತ್‌ರೂಮಿನಲ್ಲಿ ಕದ್ದು ಆಡಿದ್ದನ್ನೂ ಹೇಳಿದರು. ಆದರೆ ಬರೆಯುವ ಕೆಲಸ ಹಿಡಿಸಿತು. ರೋಕಡ ಪುಸ್ತಕಕ್ಕೆ ಹಾಕುವಂತೆ ಗೆರೆ ಎಳೆದು ತಂದಿದ್ದರು: ತಾರೀಖು, ಎಷ್ಟನೇ ನಡೆ, ಎಷ್ಟು ಸೆಕೆಂಡ್ ಯೋಚಿಸಿದೆ, ಯಾಕೆ. 'ಯಾಕೆ' ಕಲಂನಲ್ಲಿ ಮತ್ತೆ ಮತ್ತೆ ಒಂದೇ ಮಾತು: 'ಅವನು ಯಾಕೆ ಹಾಗೆ ನಡೆಸಿದ ಅಂತ ನೋಡಲಿಲ್ಲ.' ಆರಂಭದ ನಡೆಗಳ ಯೂಟ್ಯೂಬ್ ವಿಡಿಯೋಗಳನ್ನು ಎರಡು ವರ್ಷ ನೋಡಿದ್ದರು. ಆರಂಭದಲ್ಲೇ ಸೋತ ಆಟ ಆ ಪುಟಗಳಲ್ಲಿ ಒಂದೋ ಎರಡೋ.

ತಿಂಗಳ ಮೇಲೆ ವೇಗದ ಆಟಕ್ಕೆ ವಾಪಸ್, ಆದರೆ ಪ್ರತಿ ನಡೆಗೆ ಎರಡು ಸೆಕೆಂಡ್ ಸೇರುವ ಬಗೆಯದು. ಇಂಥ ಗಡಿಯಾರಕ್ಕೆ 1988ರಲ್ಲಿ ಪೇಟೆಂಟ್ ಅರ್ಜಿ ಹಾಕಿದ್ದು ಮಾಜಿ ವಿಶ್ವ ಚಾಂಪಿಯನ್ ಬಾಬಿ ಫಿಷರ್ ಅಂತ ಸತೀಶ್ ನನಗೇ ಪಾಠ ಮಾಡಿದರು. ಎರಡು ಸಲ ಸತತ ಸೋತರೆ ಆ ದಿನದ ಆಟ ಮುಗಿಯಿತು. ಇದನ್ನು ಕೂರುವ ಮುಂಚೆಯೇ ತೀರ್ಮಾನಿಸಬೇಕು, ಸೋತ ಮೇಲೆ ಅಲ್ಲ. ಸೋತವನ ತೀರ್ಮಾನ ನಂಬುವಂಥದ್ದಲ್ಲ.

"ಈ ವಯಸ್ಸಿಗೆ ಸ್ಪೀಡ್ ಬರುತ್ತಾ?" ಅಂತ ನಡುವೆ ಕೇಳಿದ್ದರು. ವಿಶ್ವನಾಥನ್ ಆನಂದ್ 2017ರ ಡಿಸೆಂಬರಿನಲ್ಲಿ ರಿಯಾದ್‌ನಲ್ಲಿ ವಿಶ್ವ ರ್‍ಯಾಪಿಡ್ ಚಾಂಪಿಯನ್ (ವೇಗದ ಚೆಸ್‌ನಲ್ಲಿ) ಆದಾಗ ಅವರಿಗೆ 48. ನೀವೇನೂ ಆನಂದ್ ಅಲ್ಲ, ಆದರೆ ವಯಸ್ಸನ್ನು ಮಾತ್ರ ಮುಂದಿಡಬೇಡಿ ಅಂದೆ. ನಕ್ಕರು.

ರೇಟಿಂಗ್ ನೂರು ಚಿಲ್ಲರೆ ಏರಿದೆ. ಒಂದು ಕೆಟ್ಟ ರಾತ್ರಿಯಲ್ಲಿ ಅಷ್ಟೂ ಇಳಿಯಬಹುದು, ಅದು ಅವರಿಗೂ ಗೊತ್ತು. ನಿದ್ದೆ ಸರಿಹೋಗಿದೆ. ಭಾನುವಾರದ ಆಟದ ವಿಷಯದಲ್ಲಿ ಹೆಂಡತಿಯ ತಕರಾರು ಇನ್ನೂ ಇದೆ.

ಕೆಲವು ಭೇಟಿಗಳಾದ ಮೇಲೆ, ಏನೂ ಕೇಳದಿದ್ದರೂ ಅವರೇ ಒಂದು ಮಾತು ಹೇಳಿದರು. ಕಚೇರಿಯಲ್ಲಿ ತಾವು ಕೆಲಸ ಕಲಿಸಿದ ಹುಡುಗನಿಗೆ ತಮಗಿಂತ ಮೊದಲು ಬಡ್ತಿ ಸಿಕ್ಕಿತ್ತು. "ದಿನಕ್ಕೊಂದ್ ಸಲನಾದ್ರೂ ನಾನು ಗೆದ್ದೆ ಅನ್ನಿಸ್ಬೇಕಲ್ಲ ಮೇಡಂ." ಆಗ ಸಮಯ ಮುಗಿದಿತ್ತು. ಆ ಮಾತಿಗೇ ಅಂತ ಮುಂದಿನ ತಿಂಗಳು ಒಂದು ಪೂರ್ತಿ ಗಂಟೆ ಕೊಟ್ಟಿದ್ದೇನೆ. ಅವತ್ತು ಚೆಸ್ ಸೋಲು ಬರೆದಿಟ್ಟ ಪುಸ್ತಕ ತರಬೇಡಿ ಅಂತಲೂ ಹೇಳಿದ್ದೇನೆ.