ನ್ಯೂಜಿಲೆಂಡಿಗೆ ಹೊರಟ ತಂಗಿಗೆ

ತಂಗಿ, ವೆಲ್ಲಿಂಗ್ಟನ್‌ನಲ್ಲಿ ಕೆಲಸ ಸಿಕ್ಕಿದೆ ಅಂತ ಓದಿ ಖುಷಿಯಾಯಿತು. "ಅಲ್ಲಿ ನಮ್ಮಂಥವರು ಪಾರ್ಲಿಮೆಂಟಿಗೇ ಹೋಗಿದ್ದರಂತೆ. ಹಾಗಾದ್ರೆ ಟ್ರಾನ್ಸ್ ಹೆಣ್ಣುಮಕ್ಕಳಿಗೆ ಅಲ್ಲಿ ಬದುಕು ಸುಲಭವಾ ಅಕ್ಕಾ?" ಅಂತ ಕೇಳಿದ್ದೀಯ. ನಾನೂ 2010ರಲ್ಲಿ ಇದೇ ಲೆಕ್ಕ ಹಾಕಿಕೊಂಡು ಬಂದವಳು. ಲೆಕ್ಕ ಅರ್ಧ ಸರಿ ಇತ್ತು.

ಪಾರ್ಲಿಮೆಂಟಿಗೆ ಹೋದ ಟ್ರಾನ್ಸ್ ಹೆಣ್ಣು ಜಾರ್ಜಿನಾ ಬೇಯರ್ ವಿಷಯ ನಿಜ. ಇಲ್ಲಿನ ಮೂಲನಿವಾಸಿಗಳಾದ ಮಾವೋರಿ ಜನಾಂಗದ ಹೆಣ್ಣುಮಗಳು. ಲೈಂಗಿಕ ವೃತ್ತಿ ಮಾಡಿ ಬದುಕಿದ್ದವರು, ಅದನ್ನು ಮುಚ್ಚಿಡಲೂ ಇಲ್ಲ. 1995ರಲ್ಲಿ ಕಾರ್ಟರ್ಟನ್ ಎಂಬ ಸಣ್ಣ ಊರಿನ ಮೇಯರ್ ಆದರು. 1999ರಲ್ಲಿ ವೈರರಾಪ ಕ್ಷೇತ್ರದಿಂದ ಎಂಪಿ. ಹಳ್ಳಿಗಾಡಿನ ಸೀಟು ಅದು, ರೈತರ ಸೀಮೆ. 2003ರಲ್ಲಿ ಲೈಂಗಿಕ ವೃತ್ತಿ ಅಪರಾಧವಲ್ಲ ಅನ್ನುವ ಮಸೂದೆ 60–59ರಲ್ಲಿ ಪಾಸಾಯಿತು. ಸದನದಲ್ಲಿ ಎದ್ದು ನಿಂತು ತಮ್ಮದೇ ಅನುಭವ ಹೇಳಿ ಅದಕ್ಕೆ ವೋಟು ಹಾಕಿದವರು ಜಾರ್ಜಿನಾ. ಪ್ರಾತಿನಿಧ್ಯ ಅಂದಾಗೆಲ್ಲ ನನಗೆ ನೆನಪಾಗುವುದು ಆ ಒಂದು ವೋಟು.

ಇಲ್ಲಿಯವರು ಅವರನ್ನು ಪ್ರಪಂಚದ ಮೊದಲ ಟ್ರಾನ್ಸ್ ಎಂಪಿ ಅನ್ನುತ್ತಾರೆ. ಇರಲಿ. ಆದರೆ ಮಧ್ಯಪ್ರದೇಶದ ಸೋಹಾಗ್‌ಪುರದಲ್ಲಿ ಹಿಜ್ಡಾ ಸಮುದಾಯದ ಶಬ್ನಮ್ ಮೌಸಿ ಕೂಡ ಹೆಚ್ಚುಕಮ್ಮಿ ಅದೇ ಕಾಲಕ್ಕೆ ಶಾಸಕಿಯಾಗಿ ಗೆದ್ದಿದ್ದರು. ಆಫೀಸಿನಲ್ಲಿ ಇದನ್ನು ಹೇಳಿದರೆ, ನಾನೇನೋ ಸುಮ್ನೆ ಕೊಚ್ಚಿಕೊಳ್ಳುತ್ತಿದ್ದೇನೆ ಅನ್ನುವ ಹಾಗೆ ನೋಡುತ್ತಾರೆ! ಅದೇ ರಾಜ್ಯದ ಕಟನಿಯಲ್ಲಿ ಮೇಯರ್ ಆಗಿ ಗೆದ್ದ ಕಮಲಾ ಜಾನ್ ಕಥೆ ಗೊತ್ತಲ್ವಾ? ಸೀಟು ಮಹಿಳೆಯರಿಗೆ ಮೀಸಲು, ಇವರು ಗಂಡಸು ಅಂತ ಕೋರ್ಟು ಆಯ್ಕೆಯನ್ನೇ ರದ್ದು ಮಾಡಿತು. ಜನ ಒಪ್ಪಿದ್ದರೂ ಕಾಗದ ಒಪ್ಪಲಿಲ್ಲ.

ಇಲ್ಲಿ ನಿನ್ನನ್ನು ಕಾಡುವುದೂ ಕಾಗದವೇ. 2023ರ ಜೂನ್‌ನಿಂದ ಜನನ ಪತ್ರದಲ್ಲಿ ಲಿಂಗ ಬದಲಿಸಲು ಡಾಕ್ಟರ್ ಚೀಟಿಯೂ ಬೇಡ, ಕೋರ್ಟೂ ಬೇಡ. ಆದರೆ ಆ ಅನುಕೂಲ ಇಲ್ಲಿ ಜನನ ನೋಂದಣಿ ಆದವರಿಗೆ. ಬಂದಿಳಿದವರಿಗೆ ಭಾರತದ ಪಾಸ್‌ಪೋರ್ಟ್ ಹೇಳಿದ್ದೇ ಗುರುತು. ಹೊರಡುವ ಮುಂಚೆ ಪಾಸ್‌ಪೋರ್ಟು, ಡಿಗ್ರಿ ಸರ್ಟಿಫಿಕೇಟು ಎರಡರಲ್ಲೂ ಒಂದೇ ಹೆಸರು ಬರುವ ಹಾಗೆ ಮಾಡಿಸಿಕೋ.

ಬಂದ ಹೊಸದರಲ್ಲಿ ಬ್ಯಾಂಕಿಗೆ ಫೋನ್ ಮಾಡಿದ್ದೆ. ಹೆಸರು, ಹುಟ್ಟಿದ ತಾರೀಕು ಎಲ್ಲ ಹೇಳಿದೆ. ಆ ಕಡೆಯವನು ನನ್ನ ದನಿ ಕೇಳಿ ಬಹಳ ನಯವಾಗಿ, "ಸರ್, ಖಾತೆ ಇರುವ ಮೇಡಂ ಕೈಗೇ ಫೋನ್ ಕೊಡಿ" ಅಂದ. ಮೂರು ಸಲ. ಕೊನೆಗೆ ಪಾಸ್‌ಪೋರ್ಟ್ ಹಿಡಿದುಕೊಂಡು ಬ್ರಾಂಚಿಗೇ ಹೋದೆ.

2014ರಲ್ಲಿ ಮೊದಲ ಸಲ ವೋಟು ಹಾಕಲು ಹೋದಾಗಲೂ ಅದೇ ಭಯ. ಇದ್ದಬದ್ದ ದಾಖಲೆಗಳನ್ನೆಲ್ಲ ಬ್ಯಾಗಿಗೆ ತುಂಬಿಕೊಂಡಿದ್ದೆ. ಮೇಜಿನ ಹಿಂದೆ ಕೂತಿದ್ದ ಅಜ್ಜಿ ಹೆಸರು, ವಿಳಾಸ ಕೇಳಿದರು. ಪಟ್ಟಿಯ ಮೇಲೆ ಸ್ಕೇಲ್ ಇಟ್ಟು ನನ್ನ ಹೆಸರಿಗೆ ಗೆರೆ ಎಳೆದರು. ಮತಪತ್ರ ಕೈಗಿಟ್ಟರು. ಇಲ್ಲಿ ವೋಟಿಗೆ ಐಡಿ ಕಾರ್ಡೇ ಬೇಡ. ಬ್ಯಾಗಿನ ಜಿಪ್ ತೆಗೆಯಲೇ ಇಲ್ಲ.

ವರ್ಕ್ ವೀಸಾದಲ್ಲಿ ನಿನಗೆ ವೋಟಿಲ್ಲ. ರೆಸಿಡೆನ್ಸಿ, ಅಂದರೆ ಇಲ್ಲೇ ನೆಲೆಸುವ ಅನುಮತಿ, ಸಿಗಬೇಕು, ಒಂದು ವರ್ಷ ಇಲ್ಲಿ ಇದ್ದಿರಬೇಕು. ಸಿಟಿಜನ್ ಆಗಬೇಕಿಲ್ಲ. ಚುನಾವಣೆಗೆ ನಿಲ್ಲಲು ಮಾತ್ರ ಆಗಬೇಕು. ಇನ್ನೊಂದು ಮಾತು. ಮತದಾರರ ಪಟ್ಟಿಯಲ್ಲಿ ವಿಳಾಸವೂ ಇರುತ್ತದೆ, ಬೇರೆಯವರು ಹೋಗಿ ನೋಡಬಹುದು. ಯಾರಾದರೂ ಹುಡುಕಿಕೊಂಡು ಬರುತ್ತಾರೆ ಅನ್ನುವ ಭಯ ಇದ್ದರೆ, ಪ್ರಕಟಿಸದ ಪಟ್ಟಿಯೊಂದಿದೆ, ಅದಕ್ಕೆ ಅರ್ಜಿ ಹಾಕು. ಕಾರಣ ಬರೆದು ಕೊಡಬೇಕು. ನಾನು ಹಾಕಿದ್ದೇನೆ.