ಓದುಗರ ಪ್ರಶ್ನೆ, ನಮ್ಮ ಉತ್ತರ: ಅರಮನೆ ನೋಡಿಯಾದ ಮೇಲಿನ ಬ್ಯಾಂಕಾಕ್

ಪ್ರಶ್ನೆ: ನಾವಿಬ್ಬರೂ ನಿವೃತ್ತ ಶಿಕ್ಷಕರು. ಹಿಂದೊಮ್ಮೆ ಪ್ಯಾಕೇಜ್ ಟೂರ್‌ನಲ್ಲಿ ಬ್ಯಾಂಕಾಕ್‌ಗೆ ಹೋಗಿ ಅರಮನೆ, ಮಲಗಿದ ಬುದ್ಧ, ಸಫಾರಿ, ಮಾಲ್‌ಗಳು ಎಲ್ಲವನ್ನೂ ನೋಡಿದ್ದೇವೆ. ಮಗಳ ಕೆಲಸದ ನಿಮಿತ್ತ ಜನವರಿಯಲ್ಲಿ ಮತ್ತೊಮ್ಮೆ ಹೋಗುವ ಅವಕಾಶ ಬಂದಿದೆ. ಈ ಸಲ ಅಲ್ಲಿನ ಜನ ಬದುಕುವ ಊರನ್ನು ನೋಡಬೇಕೆಂಬ ಆಸೆ. ಎಲ್ಲಿಂದ ಆರಂಭಿಸಬೇಕು?
– ಓದುಗ ದಂಪತಿ, ಶಿವಮೊಗ್ಗ

ಉತ್ತರ: ನೀರಿನಿಂದ ಆರಂಭಿಸಿ. ಬ್ಯಾಂಕಾಕ್ ಕಾಲುವೆಗಳ ದಡದಲ್ಲಿ ಬೆಳೆದ ಊರು. 1782ರಲ್ಲಿ ಮೊದಲನೆಯ ರಾಮ ಎಂಬ ದೊರೆ ರಾಜಧಾನಿಯನ್ನು ಚಾವೋ ಫ್ರಯಾ ನದಿಯ ಪೂರ್ವ ದಡಕ್ಕೆ ತಂದಾಗ ಅಲ್ಲಿ ಸಂಚಾರಕ್ಕೆ ಇದ್ದದ್ದು ಹೊಳೆ ಮತ್ತು ಕಾಲುವೆಗಳೇ. ಮುಂದೆ ಬಹಳಷ್ಟು ಕಾಲುವೆಗಳನ್ನು ಮುಚ್ಚಿ ರಸ್ತೆ ಮಾಡಿದರು. ಉಳಿದವುಗಳ ಪೈಕಿ ನಗರದ ನಟ್ಟನಡುವೆ ಹರಿಯುವ ಸೇನ್ ಸೇಪ್ ಕಾಲುವೆಯಲ್ಲಿ ಇಂದಿಗೂ ನಮ್ಮ ಸಿಟಿ ಬಸ್ಸಿನಂತೆ ದೋಣಿಗಳು ಓಡುತ್ತವೆ. ಮೂರನೆಯ ರಾಮನ ಕಾಲದಲ್ಲಿ, 1837ರಿಂದ 1840ರ ನಡುವೆ, ಕಾಂಬೋಡಿಯಾದ ಕಡೆಗೆ ಸೈನ್ಯ ಸಾಗಿಸುವುದಕ್ಕೆಂದು ತೋಡಿಸಿದ ಈ ಕಾಲುವೆಯಲ್ಲಿ ಈಗ ಕಚೇರಿಗೆ ಹೋಗುವವರು, ಶಾಲಾ ಮಕ್ಕಳು, ತರಕಾರಿ ಚೀಲ ಹಿಡಿದ ಹೆಂಗಸರು ಓಡಾಡುತ್ತಾರೆ.

ನಮ್ಮವರು ಹೆಚ್ಚಾಗಿ ಇಳಿದುಕೊಳ್ಳುವ ಪ್ರತೂನಾಮ್ ಬಡಾವಣೆಯಲ್ಲೇ ಇದರ ದೊಡ್ಡ ದೋಣಿಕಟ್ಟೆಯಿದೆ. ಅಲ್ಲಿಂದ ಪಶ್ಚಿಮಕ್ಕೆ, ಫಾನ್‌ಫಾ ಎಂಬ ಕೊನೆಯ ನಿಲ್ದಾಣದವರೆಗೆ ಹೋಗುವ ದೋಣಿಯನ್ನು ಹತ್ತಿ. ಟಿಕೆಟ್ ದೋಣಿಯೊಳಗೇ ಸಿಗುತ್ತದೆ, ದರ ಹತ್ತಿಪ್ಪತ್ತು ಬಾತ್‌ಗಳಷ್ಟು ಮಾತ್ರ. ಹೆಲ್ಮೆಟ್ ಧರಿಸಿದ ಕಂಡಕ್ಟರು ದೋಣಿಯ ಹೊರ ಅಂಚಿನ ಮೇಲೆ ನಡೆಯುತ್ತ, ಹಗ್ಗ ಹಿಡಿದುಕೊಂಡೇ ಹಣ ಪಡೆದು ಚೀಟಿ ಹರಿದು ಕೊಡುತ್ತಾರೆ. ಎದುರಿನಿಂದ ಇನ್ನೊಂದು ದೋಣಿ ಬಂದಾಗ ನೀರು ಸಿಡಿಯದಂತೆ ಅಂಚಿನಲ್ಲಿ ಕುಳಿತವರು ಹಗ್ಗ ಜಗ್ಗಿ ಪ್ಲಾಸ್ಟಿಕ್ ಪರದೆಯನ್ನು ಮೇಲಕ್ಕೆತ್ತುತ್ತಾರೆ. ಆ ಜಾಗದಲ್ಲಿ ಕುಳಿತರೆ ಆ ಕೆಲಸ ನಿಮ್ಮದು. ತಗ್ಗಾದ ಸೇತುವೆ ಬಂದಾಗ ದೋಣಿಯ ಚಾವಣಿಯೇ ಕೆಳಗಿಳಿಯುತ್ತದೆ. ನಿಮ್ಮ ವಯಸ್ಸನ್ನು ಗಮನದಲ್ಲಿಟ್ಟುಕೊಂಡು ಒಂದು ಮಾತನ್ನು ಒತ್ತಿ ಹೇಳುತ್ತೇನೆ: ದೋಣಿ ನಿಲ್ದಾಣದಲ್ಲಿ ನಿಲ್ಲುವುದು ಕೆಲವೇ ಕ್ಷಣ, ಹತ್ತಿ ಇಳಿಯುವಾಗ ಕಾಲನ್ನು ಎತ್ತರಕ್ಕೆ ಎತ್ತಿಡಬೇಕಾಗುತ್ತದೆ. ಆದ್ದರಿಂದ ಬೆಳಿಗ್ಗೆ ಮತ್ತು ಸಂಜೆಯ ಕಚೇರಿ ವೇಳೆಯನ್ನು ಬಿಟ್ಟು, ಹತ್ತು ಗಂಟೆಯ ನಂತರ ಹೊರಡಿ. ನೀರು ಸ್ವಚ್ಛವಾಗಿಲ್ಲ, ವಾಸನೆಯೂ ಇದೆ. ಆದರೂ ಈ ಪ್ರಯಾಣವನ್ನು ತಪ್ಪಿಸಿಕೊಳ್ಳಬೇಡಿ.

ದಾರಿಯಲ್ಲಿ, ಪ್ರವಾಸಿಗರು ಮುಗಿಬೀಳುವ ಜಿಮ್ ಥಾಂಪ್ಸನ್ ಮನೆಯ ಎದುರು ದಡದಲ್ಲೇ ಬಾನ್ ಕ್ರುವ ಎಂಬ ಕೇರಿಯಿದೆ. ಥಾಯ್ ರೇಷ್ಮೆಯನ್ನು ಜಗತ್ತಿಗೆ ಮಾರಿದ ಆ ಅಮೆರಿಕನ್ನನ ಹೆಸರು ಎಲ್ಲರಿಗೂ ಗೊತ್ತು. ಅವನಿಗೆ ಬಟ್ಟೆ ನೇಯ್ದುಕೊಟ್ಟವರು ಈ ಕೇರಿಯ ಚಾಮ್ ಮುಸ್ಲಿಮರು. ಮಗ್ಗದ ಸದ್ದು ಈಗ ಬಹುಮಟ್ಟಿಗೆ ನಿಂತಿದೆ. ತಮ್ಮ ಮನೆಗಳ ಮೇಲೆ ಹಾದುಹೋಗಬೇಕಿದ್ದ ಎಕ್ಸ್‌ಪ್ರೆಸ್ ರಸ್ತೆಯ ಯೋಜನೆಯನ್ನು ವರ್ಷಗಟ್ಟಲೆ ಹೋರಾಡಿ ತಡೆದ ಜನ ಇವರು. ಒಬ್ಬರ ಹಿಂದೊಬ್ಬರು ನಡೆಯಬೇಕಾದ ಆ ಓಣಿಗಳಲ್ಲಿ ಅರ್ಧ ಗಂಟೆ ಸುತ್ತಾಡಿದರೆ, ರೇಷ್ಮೆಯ ಕಥೆಯಲ್ಲಿ ಎದುರು ದಡದ ವಸ್ತುಸಂಗ್ರಹಾಲಯ ಹೇಳದೆ ಬಿಟ್ಟ ಭಾಗ ತಿಳಿಯುತ್ತದೆ.

ಫಾನ್‌ಫಾದಲ್ಲಿ ಇಳಿದು ದಕ್ಷಿಣಕ್ಕೆ ಸ್ವಲ್ಪ ನಡೆದರೆ ಬಾನ್ ಬಾಟ್ ಸಿಗುತ್ತದೆ. ಬೌದ್ಧ ಭಿಕ್ಷುಗಳ ಭಿಕ್ಷಾಪಾತ್ರೆಯನ್ನು ಕೈಯಲ್ಲೇ ತಯಾರಿಸುವ ಕಮ್ಮಾರರ ಕೇರಿ ಇದು. ಮೊದಲು ಕಬ್ಬಿಣದ ಪಟ್ಟಿಯನ್ನು ಬಾಗಿಸಿ ಪಾತ್ರೆಯ ಕಂಠ ಮಾಡುತ್ತಾರೆ, ಅದಕ್ಕೆ ಅಡ್ಡಡ್ಡಲಾಗಿ ಪಟ್ಟಿಗಳನ್ನು ಜೋಡಿಸುತ್ತಾರೆ, ನಡುವಿನ ತೆರಪುಗಳಿಗೆ ಎಲೆಯಾಕಾರದ ತುಂಡುಗಳನ್ನು ಕೂರಿಸುತ್ತಾರೆ. ಒಟ್ಟು ಎಂಟು ತುಂಡು. ಬುದ್ಧ ಬೋಧಿಸಿದ ಅಷ್ಟಾಂಗ ಮಾರ್ಗದ ಲೆಕ್ಕ ಅದು. ಬಳಿಕ ತಾಮ್ರದ ಪುಡಿಗೆ ಬಿಳಿಗಾರ ಬೆರೆಸಿ ಹಚ್ಚಿ, ಕೆಂಡದಲ್ಲಿ ಕಾಯಿಸಿ ಬೆಸೆದು, ಗುಂಡಗಾಗುವವರೆಗೆ ಸುತ್ತಿಗೆಯಿಂದ ಬಡಿಯುತ್ತಾರೆ. ಕಾರ್ಖಾನೆಯ ಅಗ್ಗದ ಪಾತ್ರೆಗಳು ಬಂದ ಮೇಲೆ ಈ ಕಸುಬಿನ ಕೇರಿಗಳಲ್ಲಿ ಉಳಿದದ್ದು ಇದೊಂದೇ, ಅದರಲ್ಲೂ ಕೆಲವೇ ಮನೆಗಳು. ಒಂದು ಚಿಕ್ಕ ಪಾತ್ರೆಯನ್ನಾದರೂ ಚೌಕಾಸಿ ಮಾಡದೆ ಕೊಳ್ಳಿ ಎಂದು ನಾನು ಮನಸಾರೆ ಕೇಳಿಕೊಳ್ಳುತ್ತೇನೆ.

ಅಲ್ಲಿಂದ ಇನ್ನೂ ಸ್ವಲ್ಪ ಮುಂದೆ, ಕೆಂಪು ಬಣ್ಣದ ಬೃಹತ್ ಉಯ್ಯಾಲೆ ಕಂಬಗಳ ಸಮೀಪದಲ್ಲಿ ದೇವಸ್ಥಾನ್ ಎಂದೇ ಕರೆಯುವ ಬ್ರಾಹ್ಮಣ ಗುಡಿಗಳಿವೆ. 1784ರಲ್ಲಿ ಕಟ್ಟಿಸಿದ ಈ ಆವರಣದಲ್ಲಿ ಶಿವ, ಗಣೇಶ, ವಿಷ್ಣುವಿಗೆ ಒಂದೊಂದು ಗುಡಿ. ನೋಡಿದರೆ ಥಾಯ್ ವಿಹಾರದಂತೆಯೇ ಕಾಣುತ್ತವೆ. ಉಯ್ಯಾಲೆಯಾಡುವ ಆಚರಣೆ 1935ರಲ್ಲಿ ನಿಂತಿತು. ಆದರೆ ಅದಕ್ಕೆ ಆಧಾರವಾಗಿದ್ದ ತ್ರಿಯಂಪವಾಯ್ ಪೂಜೆಯನ್ನು ರಾಜಪುರೋಹಿತರು ಈಗಲೂ ಪ್ರತಿವರ್ಷ ನಡೆಸುತ್ತಾರೆ. ಧನುರ್ಮಾಸದಲ್ಲಿ ಮೇಲುಕೋಟೆಯಲ್ಲಿ ತಿರುಪ್ಪಾವೈ ಎಂಬ ತಮಿಳು ಭಕ್ತಿಗೀತೆ ಕೇಳಿದವರಿಗೆ, ಅದರ ಶೈವ ಸೋದರಿಯಾದ ತಿರುವೆಂಪಾವೈಯ ಸಾಲುಗಳು ಹೆಸರು ಮತ್ತು ಉಚ್ಚಾರಣೆ ಬದಲಾಗಿ ಅಷ್ಟು ದೂರದ ಊರಿನ ಈ ಪೂಜೆಯಲ್ಲಿ ಉಳಿದುಕೊಂಡಿರುವುದು ನಿಜಕ್ಕೂ ರೋಮಾಂಚನದ ಸಂಗತಿ. ಪೂಜೆ ಸಾಮಾನ್ಯವಾಗಿ ಡಿಸೆಂಬರ್ ಕೊನೆ ಅಥವಾ ಜನವರಿಯಲ್ಲಿ ಬರುವುದರಿಂದ ಹೊರಡುವ ಮುನ್ನ ದಿನಾಂಕ ವಿಚಾರಿಸಿಕೊಳ್ಳಿ. ಒಳಗಿನ ಗುಡಿಗಳು ಎಲ್ಲ ದಿನವೂ ತೆರೆದಿರುವುದಿಲ್ಲ.

ಇನ್ನೊಂದು ದಿನವನ್ನು ನದಿಯಾಚೆಗೆ ಮೀಸಲಿಡಿ. ಬೆಳಕು ಹರಿಯುವ ಮುನ್ನ ಪಾಕ್ ಕ್ಲೋಂಗ್ ತಲಾತ್ ಹೂವಿನ ಮಾರುಕಟ್ಟೆಗೆ ಹೋದರೆ, ನಮ್ಮಲ್ಲಿ ಆಂಜನೇಯನಿಗೂ ಗಣಪತಿಗೂ ಏರಿಸುವ ಬಿಳಿ ಎಕ್ಕದ ಹೂವನ್ನು ಅಲ್ಲಿ ಮಲ್ಲಿಗೆ ಮೊಗ್ಗು, ಗುಲಾಬಿಗಳೊಂದಿಗೆ ಸೂಜಿಯಲ್ಲಿ ಪೋಣಿಸಿ ಅಂಗೈಯಗಲದ ಹಾರ ಮಾಡುವುದನ್ನು ಕಾಣಬಹುದು. ಪಕ್ಕದಲ್ಲೇ, ಅರ್ಧಕ್ಕೆ ನಿಂತುಹೋದ ರೈಲು ಯೋಜನೆಯ ಸೇತುವೆಯನ್ನು 2020ರಲ್ಲಿ ಪಾದಚಾರಿಗಳ ಉದ್ಯಾನವಾಗಿ ಮಾಡಿದ್ದಾರೆ. ಅದರ ಮೇಲೆ ನಡೆದು ನದಿ ದಾಟಿದರೆ ತೊನ್‌ಬುರಿಯ ಕುಡಿಚೀನ್ ಕೇರಿ. 1767ರಲ್ಲಿ ಹಳೆಯ ರಾಜಧಾನಿ ಅಯುತ್ಥಯ ಬಿದ್ದ ಮೇಲೆ ತಾಕ್ಸಿನ್ ಮಹಾರಾಜನು ತನ್ನ ಪರವಾಗಿ ಹೋರಾಡಿದ ಪೋರ್ಚುಗೀಸ್ ಮೂಲದವರಿಗೆ ಇಲ್ಲಿ ನೆಲ ಕೊಟ್ಟನು. ಅವರ ಸಾಂಟಾಕ್ರೂಜ್ ಚರ್ಚು, ಚೀನೀಯರ ಗುವಾನ್‌ಯಿನ್ ಗುಡಿ, ದೈತ್ಯ ಬುದ್ಧನಿರುವ ಕಲ್ಯಾಣಮಿತ್ ವಿಹಾರ, ಕಾಲುವೆಯಾಚೆ ಥಾಯ್ ವಿಹಾರದ ಶೈಲಿಯಲ್ಲೇ ಕಟ್ಟಿದ ಬಿಳಿ ಮಸೀದಿ, ಎಲ್ಲವೂ ನಡೆದೇ ನೋಡುವಷ್ಟು ಹತ್ತಿರ. ಒಂದೆರಡು ಮನೆಗಳಲ್ಲಿ ಈಗಲೂ ಮೇಲೆ ಕೆಳಗೆ ಕೆಂಡವಿಟ್ಟು ಪುಟ್ಟ ಕೇಕು ಬೇಯಿಸುತ್ತಾರೆ. ಅದರ ನೆತ್ತಿಯಲ್ಲಿ ಒಣದ್ರಾಕ್ಷಿ ಮತ್ತು ಸಕ್ಕರೆ ಪಾಕದ ಬೂದುಗುಂಬಳ. ಮೊಟ್ಟೆ ಹಾಕಿರುತ್ತಾರೆ ಎಂಬುದು ನೆನಪಿರಲಿ.

ಪ್ರಶ್ನೆ: ನಾವು ಈರುಳ್ಳಿ, ಬೆಳ್ಳುಳ್ಳಿಯನ್ನೂ ತಿನ್ನುವುದಿಲ್ಲ. ಇಂಥ ಓಣಿಗಳಲ್ಲಿ ಅಲೆದಾಡುವಾಗ ಊಟಕ್ಕೇನು ಮಾಡುವುದು?
– ಓದುಗರೊಬ್ಬರು, ಉಡುಪಿ

ಉತ್ತರ: ಹಳದಿ ಬಾವುಟದ ಮೇಲೆ ಕೆಂಪು ಅಕ್ಷರದಲ್ಲಿ ‘ಜೇ’ ಎಂದು ಬರೆದ ಅಂಗಡಿಗಳನ್ನು ಹುಡುಕಿ. ಚೀನೀ ಬೌದ್ಧ ಸಂಪ್ರದಾಯದ ಈ ಅಡುಗೆಯಲ್ಲಿ ಮಾಂಸ, ಮೀನು, ಮೊಟ್ಟೆ, ಹಾಲು ಮಾತ್ರವಲ್ಲದೆ ಈರುಳ್ಳಿ, ಬೆಳ್ಳುಳ್ಳಿಯೂ ನಿಷಿದ್ಧ. ಬೇರೆ ಅಂಗಡಿಯಲ್ಲಿ ಬರಿಯ ತರಕಾರಿ ಎಂದು ಕೇಳಿದರೆ ಸಾಲದು, ಏಕೆಂದರೆ ಮೀನಿನ ಸಾಸು ಮತ್ತು ಸೀಗಡಿಯ ಪೇಸ್ಟ್ ಬಹಳಷ್ಟು ಅಡುಗೆಗಳಲ್ಲಿ ಸೇರುತ್ತವೆ. ಬಹುತೇಕ ನಮ್ಮ ನವರಾತ್ರಿಯ ದಿನಗಳಲ್ಲೇ ಬರುವ ಒಂಬತ್ತು ದಿನಗಳ ಜೇ ಹಬ್ಬದಲ್ಲಿ ಚೈನಾಟೌನ್ ತುಂಬ ಈ ಬಾವುಟಗಳಿರುತ್ತವೆ. ಉಳಿದ ದಿನಗಳಲ್ಲಿ ಪಾಹುರಾತ್ ಬಟ್ಟೆಪೇಟೆಯ ಚಿನ್ನದ ಗುಮ್ಮಟದ ಗುರುದ್ವಾರಕ್ಕೆ ಹೋದರೆ ಲಂಗರ್‌ನ ಸಸ್ಯಾಹಾರ ಸಿಗುತ್ತದೆ, ಆದರೆ ಅಲ್ಲಿ ಈರುಳ್ಳಿ ಇರಬಹುದು. ಹಣ್ಣಿನ ಗಾಡಿಗಳು ಎಲ್ಲೆಡೆ ಇವೆ. ಪೇರಳೆ, ಅನಾನಸ್ ಹೆಚ್ಚಿ ಕೊಡುತ್ತಾರೆ.

ಪ್ರಶ್ನೆ: ನಗರದಿಂದ ಸ್ವಲ್ಪ ಹೊರಗೆ, ಅರ್ಧ ದಿನದಲ್ಲಿ ಹೋಗಿ ಬರುವಂಥದ್ದು ಏನಾದರೂ ಇದೆಯೇ?
– ಓದುಗರೊಬ್ಬರು, ಧಾರವಾಡ

ಉತ್ತರ: ವೊಂಗ್‌ವಿಯೆನ್ ಯಾಯ್ ನಿಲ್ದಾಣದಿಂದ ಮಹಾಚೈಗೆ ಹೋಗುವ ಪ್ಯಾಸೆಂಜರ್ ರೈಲು ಹತ್ತಿ. ದೇಶದ ಉಳಿದ ರೈಲು ಜಾಲಕ್ಕೆ ಸೇರದ ಸುಮಾರು 31 ಕಿಲೋಮೀಟರಿನ ಈ ಒಂಟಿ ಮಾರ್ಗ ಮನೆಗಳ ಹಿತ್ತಿಲುಗಳನ್ನು ಉಜ್ಜಿಕೊಂಡು, ಆಮೇಲೆ ತೋಟಗಳ ನಡುವೆ ಸಾಗಿ, ಒಟ್ಟು ಸುಮಾರು ಒಂದು ಗಂಟೆಯಲ್ಲಿ ಮೀನುಗಾರರ ಪೇಟೆಯೊಳಗೇ ನಿಲ್ಲುತ್ತದೆ. ಅಲ್ಲಿ ದೋಣಿಯಲ್ಲಿ ನದಿ ದಾಟಿದರೆ ಇನ್ನೊಂದು ರೈಲು ಮೇಕ್ಲೋಂಗ್‌ಗೆ, ಹಳಿಯ ಮೇಲಿನ ಆ ಪ್ರಸಿದ್ಧ ಸಂತೆಗೆ ಹೋಗುತ್ತದೆ. ಆ ಎರಡನೆಯ ರೈಲು ದಿನಕ್ಕೆ ಕೆಲವೇ ಬಾರಿ ಓಡುವುದರಿಂದ, ಅರ್ಧ ದಿನವಷ್ಟೇ ಇದ್ದವರು ಮಹಾಚೈಯಿಂದಲೇ ಹಿಂದಿರುಗುವುದು ಒಳ್ಳೆಯದು.